ಪಂಢರಪುರದಲ್ಲಿ ಅವ್ವ

ಇಂಡಿ ತಾಲೂಕಿನ ನಮ್ಮೂರಿಂದ ದಿಂಡಿ ಜೊತೆ ನಡೆದು ಹೋಗಿದ್ದ ಅವ್ವನ್ನ ಕರ್ಕೊಂಡು ಬರಲು, ಆಷಾಢ ಏಕಾದಶಿಗೆ ಆಫೀಸಿಗೆ ರಜೆ ಹಾಕಿ ಹೋದೆ. ನಾನಂತೂ ಗುಡಿಗೆ ಹೋಗೋನಲ್ಲ, ನಿಮಗೆ ಗೊತ್ತೇ ಇದೆ.

ಸಿಕ್ಕಿದ್ದು ಮಹಾದ್ವಾರದ ಎದುರು, ಚೋಖಾಮೇಳನ ಸಮಾಧಿ ಹತ್ತಿರ. ಬದುಕಿದ್ದಾಗ ಒಳಗೆ ಬಿಡದ ಮಹಾರ ಸಂತ. ಸತ್ತ ಮೇಲೂ ಹೊರಗೇ. ಬಾಬಾಸಾಹೇಬರು 1948ರ 'ದಿ ಅನ್‌ಟಚೆಬಲ್ಸ್' ಪುಸ್ತಕ ಅರ್ಪಿಸಿದ ಮೂವರಲ್ಲಿ ಇವನೂ ಒಬ್ಬ. 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂತ ಮೇಲೇ ನಮ್ಮೋರಿಗೆ ಆ ಬಾಗಿಲು ತೆರೆದದ್ದು.

ಅವ್ವನ ಹಿಮ್ಮಡಿ ಒಡೆದು ರಕ್ತ ಬಂದಿತ್ತು.

"ಒಳಗ ಹೋಗಿದ್ಯೇನು?"

"ಪಾಳಿ ಭಾಳ ಐತಪಾ. ಚೋಖೋಬಾಗ ಕೈ ಮುಗದೆ, ಸಾಕು."

"ದಿಂಡ್ಯಾಗ ಊಟ?"

"ಎಲ್ಲಾರದೂ ಒಂದ ಪಂಕ್ತಿ. ಗೌಡ್ರ ಸೊಸಿ 'ಮಾಉಲಿ' ಅಂತ ನನ್ನ ಕಾಲ್ ಮುಟ್ಟಿದ್ಲು!"

"ಊರಾಗ?"

"ಬಸ್ ಎಷ್ಟಕ್ಕೈತಿ?" ಅಂದ್ಲು.