ಮಾರಿಸ್‌ವಿಲ್ ನೈಟ್ ಡ್ಯೂಟಿ – 14: ಹಳದಿ ದೀಪ

ಹೋದ ವಾರ ಬೆಳಗಿನ ಜಾವ ಒಂದು ಮೆಸೇಜ್ ಬಂತು. ನಮ್ಮ ಕಡೆಯ ಹುಡುಗಿ, ಇಲ್ಲಿಗೆ ಬಂದು ಇನ್ನೂ ನಾಲ್ಕು ತಿಂಗಳು. "ಅಕ್ಕಾ, ಇಂಜಿನ್ ಚಿತ್ರದ ಹಳದಿ ದೀಪ ಬಂದಿದೆ, ಡ್ಯೂಟಿಗೆ ಓಡಿಸ್ಕೊಂಡು ಹೋಗ್ಲಾ ಬೇಡ್ವಾ?" ಅಂತ, ಜೊತೆಗೆ ಒಂದು ಫೋಟೋ. ಅವಳಿಗೆ ಬರೆದ ಉತ್ತರ ಉದ್ದವಾಯಿತು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಹಾಕ್ತಿದೀನಿ. ನಾನು ಮಾಡಿದ ದಡ್ಡತನವೂ ಇದರಲ್ಲಿದೆ, ನಗಬೇಡಿ.

ನಾನು ಅವಳಿಗೆ ಮೊದಲು ಕೇಳಿದ್ದು, "ದೀಪ ಸುಮ್ಮನೆ ಉರೀತಿದೆಯಾ, ಮಿಟುಕ್ತಿದೆಯಾ?" ಸುಮ್ಮನೆ ಉರೀತಿದ್ದು, ಗಾಡಿ ಮಾಮೂಲಿಯಾಗಿ ಓಡ್ತಿದ್ರೆ ಡ್ಯೂಟಿ ಮುಗಿಸಿ ತೋರಿಸಬಹುದು. ಮಿಟುಕ್ತಿದ್ರೆ ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು. ಆಯಿಲ್ ಕ್ಯಾನಿನ ಚಿತ್ರವೋ ಥರ್ಮಾಮೀಟರಿನ ಚಿತ್ರವೋ ಕೆಂಪಗೆ ಬಂದ್ರೂ ಅಷ್ಟೇ, ಒಂದು ಮೈಲಿ ಕೂಡ ಮುಂದೆ ಹೋಗಬಾರದು.

ನನ್ನ ಗಾಡಿ 2011ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಮೊದಲ ಸಲ ಈ ದೀಪ ಬಂದಾಗ ನಾನು ಅಳೋದೊಂದು ಬಾಕಿ. ಚಾಪೆಲ್ ಹಿಲ್ ರೋಡಿನ ಬಂಕಲ್ಲಿ ಪೆಟ್ರೋಲ್ ತುಂಬಿಸಿದ ಮಾರನೇ ದಿನ ಬಂದಿತ್ತು. ಇಲ್ಲಿ ಗಾಡಿಯ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳಲ್ಲಿ ಬಹಳಷ್ಟು ಕಡೆ ಕೋಡ್ ಪುಕ್ಕಟೆ ಓದಿ ಹೇಳ್ತಾರೆ. ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತೆ, ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲಾ ಕಾರಿಗೂ ಒಂದೇ ಥರದ್ದು. ಅಂಗಡಿಯವನು ಕೈಯಲ್ಲಿ ಹಿಡಿಯುವ ಮೆಷಿನ್ ಸಿಕ್ಕಿಸಿದ. ಪಿ0457 ಅಂತ ಬಂತು. "ಗ್ಯಾಸ್ ಕ್ಯಾಪ್" ಅಂದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನಾನು ಸರಿಯಾಗಿ ತಿರುಗಿಸಿರಲಿಲ್ಲ! ಟ್ಯಾಂಕಿನ ಆವಿ ಹೊರಗೆ ಹೋಗಬಾರದು ಅಂತ ಒಂದು ವ್ಯವಸ್ಥೆ ಇದೆ, ಅದರಲ್ಲಿ ಸೋರಿಕೆ ಕಂಡ್ರೂ ಇದೇ ದೀಪ. ಟಕ್ ಟಕ್ ಅನ್ನೋವರೆಗೂ ತಿರುಗಿಸಿದೆ, ಮೂರು ದಿನ ಓಡಿಸಿದ ಮೇಲೆ ದೀಪ ತಾನೇ ಆರಿತು. ಖರ್ಚು ಸೊನ್ನೆ. ನನ್ನನ್ನ ಕೆಡಿಸಿದ್ದೇ ಅದು.

ಯಾಕಂದ್ರೆ ಮುಚ್ಚಳ ಸಡಿಲವಾದ್ರೂ ಅದೇ ದೀಪ, ಇಂಜಿನ್ ಹಾಳಾಗ್ತಿದ್ರೂ ಅದೇ ದೀಪ. ಆಕ್ಸಿಜನ್ ಸೆನ್ಸರ್ ಹಳೆಯದಾಗಿರಬಹುದು, ಒಳಗೆ ಹೋಗುವ ಗಾಳಿ ಅಳೆಯುವ ಸೆನ್ಸರಿಗೆ ಧೂಳು ಕೂತಿರಬಹುದು, ಥರ್ಮೋಸ್ಟಾಟ್ ಕೆಟ್ಟು ಇಂಜಿನ್ ಬಿಸಿಯಾಗದೆ ಇರಬಹುದು, ಪ್ಲಗ್ ಹೋಗಿರಬಹುದು. ಕೋಡ್ ಹೇಳೋದು ದೂರು ಎಲ್ಲಿಂದ ಬಂತು ಅಂತ ಮಾತ್ರ. ಆಕ್ಸಿಜನ್ ಸೆನ್ಸರ್ ಕೋಡ್ ಬಂತು ಅಂತ ಸೆನ್ಸರ್ ಬದಲಾಯಿಸಿದ್ರೆ, ನಿಜವಾದ ತೊಂದರೆ ಎಲ್ಲೋ ಗಾಳಿ ಎಳೀತಿರೋ ಪೈಪಿನಲ್ಲಿರಬಹುದು. ನರ್ಸ್‌ಗಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಾನಿಟರ್‌ನಲ್ಲಿ ಎಸ್‌ಪಿಒ2 82 ತೋರಿಸಿದ್ರೆ ನಾವು ಮೊದಲು ಪೇಷಂಟ್ ಮುಖ ನೋಡ್ತೀವಿ. ಬೆರಳು ತಣ್ಣಗಿದೆಯಾ, ಪ್ರೋಬ್ ಜಾರಿದೆಯಾ, ಉಗುರಿಗೆ ಬಣ್ಣ ಇದೆಯಾ, ಅಥವಾ ನಿಜವಾಗ್ಲೂ ಉಸಿರು ಕಟ್ತಿದೆಯಾ? ನೋಡದೆ ಅಲಾರಂ ಸೈಲೆನ್ಸ್ ಮಾಡಿದ ಸ್ಟೂಡೆಂಟ್‌ಗಳಿಗೆ ನಾನು ಬೈದಿದೀನಿ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಇಲ್ಲಿನ ಜಾಯಿಂಟ್ ಕಮಿಷನ್ 2014ರಲ್ಲಿ ಅಲಾರಂ ನಿರ್ವಹಣೆಯನ್ನ ಪೇಷಂಟ್ ಸುರಕ್ಷತೆಯ ಗುರಿಗಳಲ್ಲಿ ಸೇರಿಸಿತ್ತು, ಅದರ ಟ್ರೈನಿಂಗ್‌ಗೂ ಕೂತಿದೀನಿ. ಇಷ್ಟೆಲ್ಲಾ ಆಗಿಯೂ 2022ರಲ್ಲಿ ನಾನು ಮಾಡಿದ್ದೇನು ಗೊತ್ತಾ?

ಸೆಪ್ಟೆಂಬರ್ ತಿಂಗಳು. ರಿಜಿಸ್ಟ್ರೇಷನ್ ನವೀಕರಣ ಹತ್ತಿರ ಬಂದಿತ್ತು. ನಮ್ಮದು ವೇಕ್ ಕೌಂಟಿ, ಆಗ ನಮ್ಮ ಗಾಡಿಗೆ ವರ್ಷಕ್ಕೊಮ್ಮೆ ಸೇಫ್ಟಿ ಜೊತೆ ಎಮಿಷನ್ ಇನ್‌ಸ್ಪೆಕ್ಷನ್ ಕೂಡ ಆಗಬೇಕಿತ್ತು, ಮೂವತ್ತು ಡಾಲರ್. ಊರಲ್ಲಿ ಸೈಲೆನ್ಸರಿಗೆ ಕೊಳವೆ ಹಾಕಿ ಹೊಗೆ ನೋಡ್ತಾರಲ್ಲ, ಹಾಗಲ್ಲ. ಅದೇ ಸಾಕೆಟ್‌ಗೆ ಮೆಷಿನ್ ಸಿಕ್ಕಿಸಿ ಗಾಡಿಯ ಕಂಪ್ಯೂಟರನ್ನ ಕೇಳ್ತಾರೆ. ದೀಪ ಉರೀತಿದ್ರೆ ಫೇಲ್. ಸರಿಯಾಗಿ ಅದೇ ಹೊತ್ತಿಗೆ ದೀಪ ಬಂತು. ಕೋಡ್ ಪಿ0303, ಅಂದ್ರೆ ಮೂರನೇ ಸಿಲಿಂಡರಲ್ಲಿ ಕಿಡಿ ಸರಿಯಾಗಿ ಹೊತ್ತುತ್ತಿಲ್ಲ.

ಆ ಭಾನುವಾರ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅಪ್ಪ ಸಕಲೇಶಪುರದಲ್ಲಿ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು, ಮೊದಲು ಅಂಬಾಸಿಡರ್, ಆಮೇಲೆ ಜೀಪು. ಶಿರಾಡಿ ಘಾಟಿಯಲ್ಲಿ ಯಾವ ದೀಪವೂ ಅವರಿಗೆ ಹೇಳ್ತಿರಲಿಲ್ಲ, ಕಿವಿಯೇ ಎಲ್ಲಾ. "ಮಿಸ್ಸಿಂಗ್ ಹೊಡೀತಿದೆಯೇನವ್ವಾ? ಏರಲ್ಲಿ ಪಿಕಪ್ ಇದೆಯಾ?" ಅಂದ್ರು. ನಾನು, "ಅಯ್ಯೋ ಅಪ್ಪ, ಇಲ್ಲಿ ಗಾಡಿ ಹಾಗೆಲ್ಲ ನೋಡಲ್ಲ, ಕಂಪ್ಯೂಟರೇ ಹೇಳುತ್ತೆ" ಅಂದೆ. ಅವರು ಮಾತು ಬದಲಾಯಿಸಿ ಮಳೆ ವಿಷಯ ಹೇಳಿದ್ರು.

ನಮ್ಮ ಅಪಾರ್ಟ್‌ಮೆಂಟಿನ ಪರಿಚಯದವರೊಬ್ಬರ ಹತ್ರ ಸ್ಕ್ಯಾನರ್ ಇತ್ತು. "ಅಳಿಸಿಬಿಡಿ ಸಿಸ್ಟರ್, ಇನ್‌ಸ್ಪೆಕ್ಷನ್ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ" ಅಂದ್ರು. ಒಂದು ಬಟನ್, ದೀಪ ಮಾಯ. ನಮ್ಮೆಜಮಾನ್ರು, "ಬೇಡ ಕಣೇ, ಮೊದಲು ತೋರಿಸೋಣ" ಅಂದಿದ್ರು. ಕೇಳಲಿಲ್ಲ. ಡಿಸೆಂಬರಿಗೆ ಅಪ್ಪನ್ನ ನೋಡೋಕೆ ಹೋಗುವ ಟಿಕೆಟ್‌ಗೆ ದುಡ್ಡು ಕೂಡಿಡ್ತಿದ್ದೆವು, ಅದರಿಂದ ತೆಗೆಯೋಕೆ ಮನಸ್ಸಿರಲಿಲ್ಲ.

ಇನ್‌ಸ್ಪೆಕ್ಷನ್‌ನಲ್ಲಿ ವಾಪಸ್ ಕಳಿಸಿದ್ರು. ಕೋಡ್ ಅಳಿಸಿದ್ರೆ ಗಾಡಿ ತನ್ನ ತಪಾಸಣೆಗಳನ್ನೆಲ್ಲಾ ಮತ್ತೆ ಮೊದಲಿಂದ ಮಾಡಬೇಕು, ಅದಕ್ಕೆ ಕೆಲವು ದಿನ ಓಡಾಡಬೇಕು. 2001ರ ನಂತರದ ಗಾಡಿಗಳಲ್ಲಿ ಒಂದು ತಪಾಸಣೆ ಬಾಕಿ ಇದ್ರೆ ನಡೆಯುತ್ತೆ, ನನ್ನದರಲ್ಲಿ ನಾಲ್ಕು ಬಾಕಿ. ಅಳಿಸಿದ್ದು ಮೆಷಿನ್‌ಗೆ ಗೊತ್ತಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಸರಿ, ಓಡಿಸಿದೆ. ಐದನೇ ಸಂಜೆ ಏಳರ ಶಿಫ್ಟಿಗೆ ಹೊರಟು ಏವಿಯೇಷನ್ ಪಾರ್ಕ್‌ವೇಯಿಂದ ಐ-40ಗೆ ಹತ್ತುವಾಗ ಆಕ್ಸಿಲರೇಟರ್ ಒತ್ತಿದೆ, ಗಾಡಿ ಗಡಗಡ ನಡುಗಿತು. ದೀಪ ಮಿಟುಕೋಕೆ ಶುರು. ನಿಲ್ಲಿಸಬೇಕಿತ್ತು. ಆದ್ರೆ ನನ್ನ ಬರವಿಗೆ ಕಾಯ್ತಾ ಹನ್ನೆರಡು ಗಂಟೆ ನಿಂತ ಹಗಲಿನ ನರ್ಸ್ ಒಬ್ಬಳಿದ್ದಾಳೆ, ಲೇಟಾದ್ರೆ ಅವಳು ಹೋಗೋ ಹಾಗಿಲ್ಲ. ಇನ್ನೇನು ಡರ್ಹಮ್ ಬಂತು ಅಂತ ಹಾಗೇ ಓಡಿಸಿದೆ. ಪಾರ್ಕಿಂಗಲ್ಲಿ ಇಳಿದಾಗ ಕೊಳೆತ ಮೊಟ್ಟೆಯ ವಾಸನೆ.

ಮಾರನೇ ದಿನ ಟೋ ಮಾಡಿಸಿ ಗ್ಯಾರೇಜಿಗೆ. ಆ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಸತ್ತಿತ್ತು. ಕಾಯಿಲ್, ಪ್ಲಗ್ ಸೇರಿ ಇನ್ನೂರ ಎಂಬತ್ತು ಡಾಲರ್. ಅಷ್ಟರಲ್ಲೇ ಮುಗಿಯಬೇಕಿತ್ತು. ಆದ್ರೆ ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೇ ಕರಗಿಸಿತ್ತು. ದೀಪ ಮಿಟುಕೋದು ಇದನ್ನ ತಪ್ಪಿಸೋಕೇ. ಅದಕ್ಕೆ ಸಾವಿರದ ಒಂಬೈನೂರು. ಮೆಕ್ಯಾನಿಕ್ ಕಿತ್ತ ಭಾಗ ಅಲ್ಲಾಡಿಸಿ ತೋರಿಸಿದ, ಒಳಗೆ ಒಡೆದ ಚೂರುಗಳು ಗಿಲಿಗಿಲಿ ಅಂದವು. ಅಲ್ಲಿಗೆ ಟಿಕೆಟ್ ದುಡ್ಡು ಹೋಯಿತು.

ಅಪ್ಪನಿಗೆ "ಈ ಸಲ ರಜೆ ಸಿಗಲಿಲ್ಲ" ಅಂತ ಸುಳ್ಳು ಹೇಳಿದೆ. ಎರಡು ತಿಂಗಳಾದ ಮೇಲೆ ತಡೆಯಲಾರದೆ ನಿಜ ಹೇಳಿಬಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುಗಿದಾಗ ಸೌಂಡ್ ಹೆಂಗಿತ್ತು?" ಅಂದ್ರು. ಬಾಯಲ್ಲೇ ಮಾಡಿ ತೋರಿಸಿದೆ. "ಹ್ಞೂಂ, ಮಿಸ್ಸಿಂಗೇ ಅದು" ಅಂದ್ರು.

ಮೊನ್ನೆಯ ಹುಡುಗಿಯ ದೀಪ ಸುಮ್ಮನೆ ಉರೀತಿತ್ತು, ಡ್ಯೂಟಿಗೆ ಹೋಗಿ ಬಂದು ಕೋಡ್ ಓದಿಸಿದ್ಲು. ಥರ್ಮೋಸ್ಟಾಟ್ ಅಂತೆ. ಶುಕ್ರವಾರ ಗ್ಯಾರೇಜಿಗೆ ಬಿಡ್ತಾಳೆ, ನಾನೇ ಕರ್ಕೊಂಡು ಬರ್ತೀನಿ.

ಅಪ್ಪನನ್ನ ನೋಡೋಕೆ ಒಂದು ವರ್ಷ ತಡವಾಗಿ, 2023ರ ಡಿಸೆಂಬರಿಗೆ ಹೋದ್ವಿ. ಈಗಲೂ ಭಾನುವಾರದ ಫೋನಲ್ಲಿ ಒಮ್ಮೊಮ್ಮೆ, "ಎಲ್ಲಿ, ಗಾಡಿ ಸ್ಟಾರ್ಟ್ ಮಾಡು ಕೇಳೋಣ" ಅಂತಾರೆ. ಪಾರ್ಕಿಂಗ್‌ಗೆ ಇಳಿದು ಬಾನೆಟ್ ಎತ್ತಿ ಫೋನ್ ಹಿಡೀತೀನಿ. ಎದುರು ಮನೆಯವರು ಕಿಟಕಿಯಿಂದ ವಿಚಿತ್ರವಾಗಿ ನೋಡ್ತಾರೆ. ಒಂದು ನಿಮಿಷ ಕೇಳಿ, "ಸಾಕು ಆಫ್ ಮಾಡವ್ವ, ಸುಮ್ನೆ ಪೆಟ್ರೋಲ್ ಯಾಕೆ ಸುಡೋದು" ಅಂತಾರೆ.