ಬುಟ್ಟಿ ನೋಡದವನ ಆಟ

ಮೌಳಂಗಿಯಲ್ಲಿ ಕಾಳಿ ನದಿ ಬಂಡೆಗಳ ಸಂದಿಯಲ್ಲಿ ನುಗ್ಗುವ ಕಡೆ ರವಿವಾರ ಜನ ಕುತ್ತಿಗೆವರೆಗೆ ಮುಳುಗಿ ಕೂತಿರುತ್ತಾರೆ. ನೀರು ನೂಕುತ್ತದೆ, ಭುಜಕ್ಕೆ ಭುಜ ತಾಗುತ್ತದೆ, ಯಾರಿಗೂ ಸಿಟ್ಟಿಲ್ಲ. ಯಾರಾದರೂ ಪಕ್ಕದವನನ್ನು ಸರಿಸಿ ಅವನ ಕುಳಿ ಹಿಡಿದರೋ, ಅಲ್ಲಿಗೆ ಜಗಳ. ದಂಡೆಯಲ್ಲಿ ಕೂತ ನನ್ನ ಕೈ ಅಷ್ಟರಲ್ಲಿ ಕೊರಳಲ್ಲಿಲ್ಲದ ಸೀಟಿಯನ್ನು ತಡಕಿರುತ್ತದೆ. ದಾಂಡೇಲಿ, ಹಳಿಯಾಳದ ಕಡೆ ಹುಡುಗರ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ಸೀಟಿ ಊದುವುದು ನನ್ನ ಹಳೆಯ ಚಟ.

ಅದರಲ್ಲೂ ರುಚಿ ಹತ್ತಿದ್ದು ಫ್ರೀ ಥ್ರೋದಲ್ಲಿ, ಫೌಲ್ ತಿಂದವನು ಯಾರ ತಡೆಯೂ ಇಲ್ಲದೆ ಬುಟ್ಟಿಗೆ ಎಸೆಯುವ ಹೊತ್ತಿನಲ್ಲಿ. ನೋಡಲು ಬಂದವರು ಅದನ್ನು ಬಿಡುವು ಅಂದುಕೊಂಡು ಶೇಂಗಾ ಬಿಡಿಸುತ್ತಾರೆ. ಎಸೆಯುವವನಿಗೆ 5 ಸೆಕೆಂಡ್. ಇಕ್ಕೆಲದ ಸಾಲುಗಳಲ್ಲಿ ಬುಟ್ಟಿಗೆ ಹತ್ತಿರದ ಎರಡು ಜಾಗ ಎದುರಾಳಿಗಳಿಗೆ, ಅವರ ಮಗ್ಗುಲಲ್ಲಿ ಎಸೆಯುವವನ ಕಡೆಯ ಇಬ್ಬರು, ಆಚೆ ಇನ್ನೊಬ್ಬ ಎದುರಾಳಿ. ಒಬ್ಬೊಬ್ಬನಿಗೆ 85 ಸೆಂಟಿಮೀಟರ್ ಅಗಲ. ಚೆಂಡು ಕೈಬಿಡುವ ತನಕ ಯಾರೂ ಕದಲುವಂತಿಲ್ಲ. ಎರಡು ಎಸೆತವಿದ್ದರೆ ಮೊದಲನೆಯದಕ್ಕೆ ಕಿತ್ತಾಟವಿಲ್ಲ. ಕೊನೆಯದು ತಪ್ಪಿದರೆ ಚೆಂಡು ಹಿಡಿದವರದು, ಅದಕ್ಕೆ ಮಾತ್ರ ಐದೂ ಮೈಗಳು ಬಿಲ್ಲಿನಂತೆ ಬಿಗಿಯುತ್ತವೆ.

ಆಗ ಮೈದಾನದ ಕಣ್ಣೆಲ್ಲ ಚೆಂಡಿನ ಹಿಂದೆ. ನನ್ನವು ಮಾತ್ರ ಎದುರು ಸಾಲಿನ ಮೊಣಕೈ, ಸೊಂಟ, ಪಾದಗಳ ಮೇಲೆ. ನನ್ನ ಕಡೆಯ ಸಾಲು ಜೊತೆಗಾರ ರೆಫರಿಗೆ. ಎಸೆತದ ಗತಿಯನ್ನು ಕಿವಿ ಹೇಳುತ್ತದೆ: ಬಲೆಯಾದರೆ ಸರ್ರ್, ರಿಂಗಾದರೆ ಠಣ್.

ತಾಗಿದ್ದೆಲ್ಲ ಫೌಲ್ ಅಲ್ಲ. ನಿಂತವನ ಸುತ್ತ ಕಾಣದ ಕೊಳವೆಯೊಂದಿದೆ, ಅದು ಅವನದು: ಮುಂದೆ ಅಂಗೈ, ಬದಿಗೆ ತೋಳು, ಹಿಂದೆ ಕುಂಡಿ. (ನಿಯಮದ ಪುಸ್ತಕ ಸಂಕೋಚವಿಲ್ಲದೆ ಹಾಗೇ ಹೇಳುತ್ತದೆ, ಹುಡುಗರೆದುರು ನಾನು 'ಹಿಂಭಾಗ' ಅನ್ನುತ್ತೇನೆ.) ಬೆನ್ನು ಕೊಟ್ಟು ಎದುರಾಳಿಯನ್ನು ತಡೆದು ನಿಂತರೆ ಅದು ಬಾಕ್ಸ್ ಔಟ್, ವಿದ್ಯೆ. ಅದೇ ಬೆನ್ನಿನಿಂದ ಒತ್ತಿ ಅವನನ್ನು ಎರಡು ಹೆಜ್ಜೆ ಸರಿಸಿದರೆ, ತೋಳಿಗೆ ತೋಳು ಸಿಕ್ಕಿಸಿದರೆ ಸೀಟಿ. 1891ರಲ್ಲಿ ಈ ಆಟ ಕಟ್ಟಿದ ಜೇಮ್ಸ್ ನೈಸ್ಮಿತ್ ತನ್ನ 13 ನಿಯಮಗಳಲ್ಲೇ ನೂಕುವುದನ್ನು, ಹಿಡಿಯುವುದನ್ನು ನಿಷೇಧಿಸಿದ್ದ. ಆದರೆ ಫ್ರೀ ಥ್ರೋ ಇರಲಿಲ್ಲ. ಒಂದು ತಂಡ ಸತತ ಮೂರು ಫೌಲ್ ಮಾಡಿದರೆ ಎದುರಿನವರಿಗೆ ಒಂದು ಗೋಲು. ಎಂಥ ನೀರಸ ಲೆಕ್ಕ!

ಒಮ್ಮೆ ಒಂದೇ ಪಾಯಿಂಟಿನ ಪಂದ್ಯದಲ್ಲಿ ನಾನು ಚೆಂಡು ನೋಡಿಬಿಟ್ಟೆ. ರಿಂಗಿನ ಮೇಲೆ ಎರಡು ಸುತ್ತು ಹಾಕಿತು, ಬಲು ಚೆಂದವಿತ್ತು. ಕಣ್ಣಿಳಿಸುವಷ್ಟರಲ್ಲಿ ಹುಡುಗನೊಬ್ಬನ ತುಟಿ ಒಡೆದು ರಕ್ತ. "ಸರ್, ನೀವು ನೋಡಲಿಲ್ಲೇನ್ರಿ?" ಅಂದ. ಕಾಣದ್ದಕ್ಕೆ ಸೀಟಿ ಊದುವುದು ಹೇಗೆ?

ಅಂದಿನಿಂದ ಚೆಂಡು ಕೊಡುವ ಮೊದಲೇ ಅನ್ನುತ್ತೇನೆ, "ಕೈ ಇಳಸ್ರೆಪಾ, ಅಂವನ ಜಾಗಾ ಅಂವಂಗ ಬಿಡ್ರಿ." ಅರ್ಧ ಫೌಲು ಅಲ್ಲೇ ಉದುರುತ್ತವೆ.

ಮೊನ್ನೆ ಮೌಳಂಗಿಯಲ್ಲಿ ಸೂಪಾ ಅಣೆಕಟ್ಟಿನ ಕಡೆಯಿಂದ ನೀರು ಏರಿತು. ಯಾರೋ ಸೀಟಿ ಊದಿದರು. ಎಲ್ಲರೂ ಹೊಳೆಯತ್ತ ತಿರುಗಿದರು. ನಾನು ನೋಡುತ್ತಿದ್ದದ್ದು ದಂಡೆ ಹತ್ತುವವರ ಮೊಣಕೈಗಳನ್ನು.