ಒಡಕಿನೊಳಗಣ ಇಂಪು

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಮೊದಲು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವಳು. ದನಿ ಒಡಕಾಗಿ ಬಂದಿತೋ, ಬೆಲೆಯ ಮಾತನ್ನೇ ಎತ್ತದೆ ಕೆಳಗಿಟ್ಟು ಪಕ್ಕದ ರಾಶಿಗೆ ಹೋಗುವಳು. ಒಡಕು ದನಿಯೆಂದರೆ ದೋಷದ ಗುರುತು. ಗಡಿಗೆಗೆ ಹೇಗೋ ಗಾಯಕನಿಗೂ ಹಾಗೆಯೇ. ಹೀಗಿರುವಲ್ಲಿ ಒಡಕನ್ನೇ ಅರಸಿಕೊಂಡು ಹೋಗಿ, ಅದಕ್ಕಾಗಿ ಹಣ ತೆತ್ತು, ಒಡಕುಗಳಲ್ಲಿ ಯಾವುದು ಉತ್ತಮ ಯಾವುದು ಅಧಮವೆಂದು ನಡುರಾತ್ರಿಯವರೆಗೆ ವಾದಿಸತಕ್ಕ ಸಂಗೀತಗಾರರೂ ಲೋಕದಲ್ಲಿ ಉಂಟೆಂದರೆ ಕೆಲವರಾದರೂ ಹುಬ್ಬೇರಿಸಬಹುದು. ವಿದ್ಯುತ್ ಗಿಟಾರನ್ನು ನುಡಿಸುವವರು ಅಂಥವರು. ಅವರ ಕಾಲ ಬಳಿ ನೆಲದ ಮೇಲೆ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದು ಇರುವುದು. ಪಾದದಿಂದ ಅದುಮಿದೊಡನೆ ತಿಳಿನೀರಿನಂತೆ ಹರಿಯುತ್ತಿದ್ದ ನಾದವು ಗರ್ಜಿಸತೊಡಗುವುದು. ಇದಕ್ಕೆ ಪೆಡಲೆಂದು ಹೆಸರು. ಅದರ ಮುಖದ ಮೇಲಿರುವ ತಿರುಪುಗಳು ಎರಡೋ ಮೂರೋ ಅಷ್ಟೆ; ಆದರೆ ಅವನ್ನು ಎಷ್ಟೆಷ್ಟು ತಿರುಗಿಸಬೇಕೆಂಬುದನ್ನು ಕಲಿಯುವುದರಲ್ಲಿ ವರ್ಷಗಳೇ ಕಳೆದುಹೋಗುವುವು.

ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದನ್ನು ಬಳಸಿ ಸುತ್ತಿದ ತೆಳುವಾದ ತಾಮ್ರದ ಸುರುಳಿಯೂ ಇರುವುವು. ತಂತಿ ಅದುರಿದಾಗ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟಿ, ತಂತಿಯ ಅದುರನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಆಂಪ್ಲಿಫೈಯರನ್ನು ಸೇರುವುದು. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಒಪ್ಪಿಸುವುದು ಆ ಯಂತ್ರದ ಕೆಲಸ. ಆದರೆ ಯಾವ ಯಂತ್ರದ ಶಕ್ತಿಗೂ ಒಂದು ಮೇರೆಯುಂಟಷ್ಟೆ. ಮೇರೆಗೆ ಮೀರಿ ಕೇಳಿದಾಗ, ತಗ್ಗು ಬಾಗಿಲಿಗೆ ನೀಳಕಾಯದವನ ತಲೆ ತಾಗುವಂತೆ, ಅಲೆಯ ನೆತ್ತಿಗಳು ತಾಗಿ ಚಪ್ಪಟೆಯಾಗುವುವು. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೊದಲು ಇಲ್ಲದಿದ್ದ ಉಪಸ್ವರಗಳು ಹುಟ್ಟಿಕೊಳ್ಳುವುವು. ನೆತ್ತಿ ಮೆಲ್ಲಗೆ ದುಂಡಗಾಗಿ ತಗ್ಗಿದರೆ ಅದು ಓವರ್‌ಡ್ರೈವ್. ಕತ್ತಿಯಿಂದ ಸವರಿದಂತೆ ಮಟ್ಟಸವಾಗಿ ಕತ್ತರಿಸಿಹೋದರೆ ಅದು ಫಜ್. ಮೊದಲನೆಯದು ಅಳು ನುಂಗಿ ಹಾಡುವವನ ಕಂಠವನ್ನು ಹೋಲುವುದು. ಎರಡನೆಯದು ಕಣಜದ ಹುಳುಗಳ ಹಿಂಡನ್ನು.

ಒಡಕಿನಿಂದ ನಾದಕ್ಕೆ ಜೀವ ಬರುವುದೆಂಬ ಮಾತು ಈ ನಾಡಿನ ಕಿವಿಗೆ ಹೊಸದೇನೂ ಅಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಗೆ ಅಡಿಯಾಗಿ ನೂಲಿನೆಳೆಯೊಂದನ್ನು ಸೇರಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿ, ತಂತಿಯು ಕುದುರೆಯನ್ನು ಸವರಿಕೊಂಡು ಝೇಂಕರಿಸುವಂತೆ ಮಾಡುವುದನ್ನು ಎಲ್ಲರೂ ಕಂಡಿರುವರು. ಎಳೆಯನ್ನು ಕಿತ್ತುಹಾಕಿದರೆ ನಾದವು ಶುದ್ಧವಾಗುವುದು, ಆದರೆ ಸಪ್ಪೆಯಾಗುವುದು. 1921ರಲ್ಲಿ ಸಿ. ವಿ. ರಾಮನ್ನರು ವೀಣೆ ತಂಬೂರಿಗಳನ್ನು ಕುರಿತು ಬರೆದ ಚಿಕ್ಕ ಲೇಖನದಲ್ಲಿ, ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ ಯಾವ ಉಪಸ್ವರವು ಕೇಳಿಸಕೂಡದೆಂದು ಹಳೆಯ ನಿಯಮವು ವಿಧಿಸುವುದೋ ಆ ಉಪಸ್ವರವೂ ತಂಬೂರಿಯಲ್ಲಿ ಬಲವಾಗಿಯೇ ಕೇಳಿಸುವುದೆಂದು ತೋರಿಸಿಕೊಟ್ಟರು. ಕುದುರೆಯೊಡನೆ ತಂತಿಗಾಗುವ ಉಜ್ಜಾಟವೇ ಅದಕ್ಕೆ ಕಾರಣ. ತಂಬೂರಿಯಲ್ಲಿ ಈ ಕೆಲಸವನ್ನು ಮರವೂ ನೂಲೂ ಮಾಡಿದರೆ, ಪೆಡಲಿನಲ್ಲಿ ಅದನ್ನು ವಿದ್ಯುತ್ತೇ ಮಾಡುವುದು.

ಆದರೆ ತಂಬೂರಿಯ ನೂಲನ್ನು ಯಾರೋ ಬೇಕೆಂದೇ ಇಟ್ಟರು. ಗಿಟಾರಿನ ಒಡಕು ಮಾತ್ರ ಬಹುಮಟ್ಟಿಗೆ ಅಪಘಾತದ ಮಗು. 1951ರಲ್ಲಿ ಐಕ್ ಟರ್ನರನ ಮೇಳದವರು ಮಿಸಿಸಿಪ್ಪಿಯಿಂದ ಮೆಂಫಿಸ್ ನಗರಕ್ಕೆ ಧ್ವನಿಮುದ್ರಣಕ್ಕಾಗಿ ಹೊರಟಾಗ ವಿಲ್ಲಿ ಕಿಜಾರ್ಟನೆಂಬ ಗಿಟಾರುವಾದಕನ ಆಂಪ್ಲಿಫೈಯರು ದಾರಿಯಲ್ಲಿ ಕೆಟ್ಟಿತು. ಕಾರಿನ ಮೇಲಿಂದ ಬಿತ್ತೆಂದು ಕೆಲವರೂ ಮಳೆಯಲ್ಲಿ ನೆನೆಯಿತೆಂದು ಕೆಲವರೂ ಹೇಳುವರು. ಹರಿದ ಸ್ಪೀಕರಿನೊಳಕ್ಕೆ ಕಾಗದವನ್ನು ತುರುಕಿ ಹಾಗೆಯೇ ನುಡಿಸಿದರು. ‘ರಾಕೆಟ್ 88’ ಎಂಬ ಆ ತಟ್ಟೆ ದೇಶದಲ್ಲೆಲ್ಲ ಹೆಸರಾಯಿತು. 1958ರಲ್ಲಿ ಲಿಂಕ್ ರೇ ಎಂಬಾತನು ಅಪಘಾತಕ್ಕೂ ಕಾಯದೆ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿದನು. ಹಾಗೆ ಹುಟ್ಟಿದ ‘ರಂಬಲ್’ ಎಂಬುದರಲ್ಲಿ ಮಾತೇ ಇಲ್ಲ, ಬರಿಯ ವಾದ್ಯವಷ್ಟೆ. ಆದರೂ ಹುಡುಗರನ್ನು ಜಗಳಕ್ಕೆ ಹಚ್ಚೀತೆಂದು ಅಮೆರಿಕದ ಕೆಲವು ರೇಡಿಯೋ ನಿಲಯಗಳು ಅದನ್ನು ಬಿತ್ತರಿಸಲೊಪ್ಪಲಿಲ್ಲ. ನಾದಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕೆ! 1964ರಲ್ಲಿ ಲಂಡನ್ನಿನ ಕಿಂಕ್ಸ್ ಮೇಳದ ಡೇವ್ ಡೇವೀಸನು ತನ್ನ ಸಣ್ಣ ಆಂಪ್ಲಿಫೈಯರಿನ ಸ್ಪೀಕರನ್ನು ಕ್ಷೌರದ ಅಲಗಿನಿಂದ ಸೀಳಿದನು. ಆಗ ಅವನು ಹದಿಹರೆಯದ ಹುಡುಗ.

ಇವುಗಳಲ್ಲೆಲ್ಲ ನ್ಯಾಶ್‌ವಿಲ್ ನಗರದಲ್ಲಿ ನಡೆದ ಸಂಗತಿಯು ಹೆಚ್ಚು ಮನನೀಯವಾದುದು. ಮಾರ್ಟಿ ರಾಬಿನ್ಸನ ‘ಡೋಂಟ್ ವರಿ’ ಎಂಬ ಹಾಡು 1961ರಲ್ಲಿ ಹೊರಬಂದಿತು. ಅದನ್ನು ಮುದ್ರಿಸುತ್ತಿದ್ದಾಗ ಗ್ರೇಡಿ ಮಾರ್ಟಿನ್ ಎಂಬ ನುರಿತ ವಾದಕನು ಆರು ತಂತಿಗಳ ಬೇಸ್ ಗಿಟಾರಿನಲ್ಲಿ ನಡುವಣ ತುಣುಕನ್ನು ನುಡಿಸುವ ವೇಳೆಗೆ, ಮುದ್ರಣಯಂತ್ರದ ಮೇಜಿನಲ್ಲಿದ್ದ ಟ್ರಾನ್ಸ್‌ಫಾರ್ಮರೊಂದು ಕೆಟ್ಟು, ಸೌಮ್ಯವಾದ ಹಾಡಿನ ನಡುವೆ ಕೋಣ ಕೆಮ್ಮಿದಂತಾಯಿತು. ಮಾರ್ಟಿನನಿಗೆ ಅದು ಹಿಡಿಸಲಿಲ್ಲ. ಹಿಡಿಸದಿದ್ದುದು ಸಹಜವೇ, ತಿಳಿನಾದಕ್ಕಾಗಿ ಬಾಳೆಲ್ಲ ದುಡಿದವನು ತನ್ನ ಹೆಸರಿನಲ್ಲಿ ಇಂಥದನ್ನು ಲೋಕಕ್ಕೆ ಬಿಡಲು ಹೇಗೆ ಒಪ್ಪಿಯಾನು? ಆದರೆ ಹಾಡಿನ ಹೊಣೆ ಹೊತ್ತವರು ಅದನ್ನು ಅಳಿಸದೆ ಉಳಿಸಿದರು. ಹಾಡು ಗೆದ್ದಿತು. ಮುದ್ರಣದ ಇಂಜಿನಿಯರನಾಗಿದ್ದ ಗ್ಲೆನ್ ಸ್ನೋಡಿಯು ಅದೇ ದನಿಯನ್ನು ಬೇಕೆಂದಾಗ ತರಿಸುವ ಮಂಡಲವನ್ನು ಟ್ರಾನ್ಸಿಸ್ಟರುಗಳಿಂದ ಗೆಳೆಯನೊಬ್ಬನೊಡನೆ ಸೇರಿ ರಚಿಸಿ ಗಿಬ್ಸನ್ ಕಂಪನಿಗೆ ಕೊಟ್ಟನು. 1962ರಲ್ಲಿ ‘ಮ್ಯಾಸ್ಟ್ರೋ ಫಜ್‌ಟೋನ್’ ಎಂಬ ಹೆಸರಿನಿಂದ ಅದು ಅಂಗಡಿಗಳಿಗೆ ಬಂದಿತು. ಗಿಟಾರಿನಿಂದ ತುತೂರಿಯ ದನಿಯನ್ನೂ ಸೆಲ್ಲೋವಿನ ದನಿಯನ್ನೂ ಹೊರಡಿಸಬಹುದೆಂದು ಸಾರಿದರು. ಮಾರಾಟ ಮಾತ್ರ ಮಂದವಾಗಿಯೇ ಇದ್ದಿತು. ಒಡಕು ಒಡಕಾಗಿಯೇ ಚೆಂದವೆಂದು ಹೇಳುವ ಧೈರ್ಯ ಮಾರುವವರಿಗೂ ಇನ್ನೂ ಬಂದಿರಲಿಲ್ಲವೆಂದು ತೋರುತ್ತದೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಮೇಳದ ಕೀತ್ ರಿಚರ್ಡ್ಸನು, ಮುಂದೆ ತುತೂರಿಗಳು ನುಡಿಸಬೇಕಾದ ಪಲ್ಲವಿಗೆ ಗುರುತಾಗಿರಲೆಂದು ಈ ಪೆಟ್ಟಿಗೆಯಲ್ಲಿ ‘ಸ್ಯಾಟಿಸ್‌ಫ್ಯಾಕ್ಷನ್’ ಎಂಬ ಹಾಡಿನ ಎಳೆಯನ್ನು ನುಡಿಸಿಟ್ಟನು. ತುತೂರಿಗಳು ಬರಲೇ ಇಲ್ಲ. ಅವನಿಗೆ ಒಪ್ಪಿಗೆಯಿಲ್ಲದಿದ್ದರೂ ಉಳಿದವರು ಅದನ್ನೇ ಹೊರಬಿಟ್ಟರು. ಆಮೇಲೆ ಅಂಗಡಿಗಳಲ್ಲಿ ಪೆಟ್ಟಿಗೆ ಉಳಿಯಲಿಲ್ಲ.

ಇಷ್ಟು ಸುಲಭವಾಗಿ, ಕಾಲಿನ ಒಂದು ಅದುಮಿಗೆ ಒಲಿಯುವ ಸಿದ್ಧಿಯನ್ನು ಕಂಡು ಯಾವ ತರುಣನಿಗೆ ಆಸೆ ಹುಟ್ಟದು? ಅವನು ಬರ್ಮಿಂಗ್‌ಹ್ಯಾಮಿನಲ್ಲಿರಲಿ ಬೆಂಗಳೂರಿನಲ್ಲಿರಲಿ, ಕಥೆ ಒಂದೇ. ಮೊದಲ ಪೆಡಲನ್ನು ತಂದ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲ ತಿರುಪುಗಳನ್ನೂ ಬಲಕ್ಕೆ ತಿರುಗುವಷ್ಟು ತಿರುಗಿಸುವನು. ಒಂದು ಸ್ವರವನ್ನು ಮೀಟಿದರೆ ಅದು ನಿಲ್ಲುವುದೇ ಇಲ್ಲ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ಸಮನಾದ ಗರ್ಜನೆ. ಮನೆಯವರಿಗೆ ಎಚ್ಚರವಾದೀತೆಂದು ಸದ್ದನ್ನು ತಗ್ಗಿಸುವನು. ತಗ್ಗಿಸಿದಾಗ ದನಿ ಬಡವಾಯಿತೆಂದು ಮಂದ್ರವನ್ನೂ ತಾರವನ್ನೂ ಏರಿಸಿ ನಡುವನ್ನು ಇಳಿಸುವನು. ಕೋಣೆಯಲ್ಲಿ ಅದು ಸೊಗಸಾಗಿಯೇ ಇರುವುದು. ಮರುದಿನ ಗೆಳೆಯರ ಮೇಳದಲ್ಲಿ ಅದೇ ತಿರುಪುಗಳನ್ನು ಅಲುಗಿಸದೆ ನುಡಿಸಿದರೆ ಅವನ ಗಿಟಾರು ಕೇಳಿಸುವುದೇ ಇಲ್ಲ. ಗುಂಯ್ಗುಡುವ ಮೋಡವೊಂದು ತಾಳದ ಹಿಂದೆ ಎಲ್ಲೋ ತೇಲಿದಂತಿರುವುದು. ತನ್ನ ಕೈಯ ಕೆಲಸವನ್ನು ತಾನೇ ಕೇಳಲಾರದೆ ನಿಂತವನ ಸಂಕಟವನ್ನು ಬಲ್ಲವರೇ ಬಲ್ಲರು. ಪೆಡಲು ಕೆಟ್ಟದ್ದೆಂದು ನಿಶ್ಚಯಿಸಿ ಎರಡನೆಯದನ್ನು ಕೊಳ್ಳುವನು. ಅದೂ ಆಗದೆ ಮೂರನೆಯದನ್ನು.

ತಪ್ಪು ಪೆಟ್ಟಿಗೆಯದಲ್ಲ. ಸದ್ದು ಕ್ಷೀಣವಾದಾಗ ಮನುಷ್ಯನ ಕಿವಿಯು ಮಂದ್ರವನ್ನೂ ಅತಿತಾರವನ್ನೂ ನಡುಸ್ವರಗಳಿಗಿಂತ ಕಡಿಮೆಯಾಗಿ ಗ್ರಹಿಸುವುದೆಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಅಳೆದು ಪ್ರಕಟಿಸಿದರು. ರಾತ್ರಿಯ ಕೋಣೆಯಲ್ಲಿ ಮೆಲುದನಿಗೆ ಹೊಂದಿಸಿದ್ದು ಸಭೆಯ ಗಟ್ಟಿದನಿಯಲ್ಲಿ ಬೇರೆಯಾಗಿ ಕೇಳಲೇಬೇಕು. ಮೇಲಾಗಿ ಮೇಳದಲ್ಲಿ ಮಂದ್ರವು ಬೇಸ್ ಗಿಟಾರಿನ ಸೊತ್ತು, ತಾರವು ಕಂಚಿನ ತಟ್ಟೆಗಳ ಸೊತ್ತು. ಗಿಟಾರಿಗೆ ಉಳಿದಿರುವುದು ನಡುವಣ ಮನೆ. ಆ ಮನೆಯನ್ನೇ ಬಿಟ್ಟುಕೊಟ್ಟು ಹೊರಗೆ ನಿಂತವನು ಯಾರ ಮೇಲೆ ದೂರು ಹೇಳಬೇಕು? ಜಪಾನಿನಲ್ಲಿ 1970ರ ದಶಕದ ಕೊನೆಗೆ ತಯಾರಾದ ‘ಟ್ಯೂಬ್ ಸ್ಕ್ರೀಮರ್’ ಎಂಬ ಹಸಿರು ಪೆಟ್ಟಿಗೆ ಇಷ್ಟು ವರ್ಷ ಬಾಳಿರುವುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕು. ಅದು ಸೆಕೆಂಡಿಗೆ ಸುಮಾರು 720 ಕಂಪನಗಳಿಗಿಂತ ಕೆಳಗಿನ ಸ್ವರಗಳನ್ನು ಕಡಿಮೆಯಾಗಿ ಹಿಗ್ಗಿಸುವುದರಿಂದ ಅವು ಒಡೆದು ಕೆಸರಾಗುವುದಿಲ್ಲ; ಒಡೆಯದ ಮೂಲದನಿಯ ಒಂದು ಪಾಲು ಒಡೆದ ದನಿಯ ಬೆನ್ನಿಗೇ ಉಳಿದುಬರುವುದು. ಟೆಕ್ಸಾಸಿನ ಸ್ಟೀವಿ ರೇ ವಾನ್ ಇದನ್ನು ಬಳಸುತ್ತಿದ್ದಾಗ ಒಡಕಿನ ತಿರುಪನ್ನು ತಗ್ಗಿಸಿ ಹೊರದನಿಯ ತಿರುಪನ್ನು ಏರಿಸುತ್ತಿದ್ದನೆಂದು ಹೇಳುವರು. ಪೆಟ್ಟಿಗೆ ತಾನು ಒಡೆಯುವುದಕ್ಕಿಂತ ಆಂಪ್ಲಿಫೈಯರನ್ನು ತುಸು ಮುಂದಕ್ಕೆ ನೂಕುತ್ತಿತ್ತು, ಅಷ್ಟೆ.

ಅನೇಕ ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಇನ್ನೊಂದು ತೊಡಕು. ಒಡಕಿನ ಮಂಡಲದೊಳಗೆ ಎರಡು ಸ್ವರಗಳು ಹೊಕ್ಕರೆ ಅವುಗಳ ಕಂಪನಸಂಖ್ಯೆಗಳ ಮೊತ್ತವೂ ವ್ಯತ್ಯಾಸವೂ ಬೇರೆ ಸ್ವರಗಳಾಗಿ ಹುಟ್ಟುವುವು. ಷಡ್ಜಪಂಚಮಗಳ ಸಂಬಂಧ ಎರಡಕ್ಕೆ ಮೂರು, ವ್ಯತ್ಯಾಸ ಒಂದು, ಎಂದರೆ ಷಡ್ಜದ ಕೆಳಗಣ ಷಡ್ಜ. ಆದುದರಿಂದ ಅವೆರಡನ್ನೇ ನುಡಿಸಿದಾಗ ನಾದಕ್ಕೆ ಕೆಳಗಿನಿಂದ ಕಂಬ ಕೊಟ್ಟಂತಾಗುವುದು. ನಡುವೆ ಗಾಂಧಾರವನ್ನು ಸೇರಿಸಿದರೆ ಹುಟ್ಟುವ ಮಕ್ಕಳೆಲ್ಲ ಒಬ್ಬರೊಡನೊಬ್ಬರು ಜಗಳವಾಡುವುವು. ರಾಕ್ ಸಂಗೀತದವರಿಗೆ ಗಾಂಧಾರದ ಅರಿವಿಲ್ಲವೆಂದು ಹಳಿಯುವವರು ಇದನ್ನು ತುಸು ಆಲೋಚಿಸಬೇಕು.

ಫಜ್ ಪೆಡಲುಗಳಲ್ಲಿ 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಫಜ್ ಫೇಸ್’ ಎಂಬ ದುಂಡುಪೆಟ್ಟಿಗೆಯು ಅತ್ಯಂತ ಸರಳವೂ ಅತ್ಯಂತ ಹಠಮಾರಿಯೂ ಆದುದು. ಒಳಗೆ ಇರುವುದು ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪ್ಯಾಸಿಟರು, ಎರಡು ತಿರುಪು, ಹನ್ನೊಂದೇ ಅಂಗಗಳು. ಆದಿಯಲ್ಲಿ ಬಳಸುತ್ತಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಬಿಸಿಲಿಗೆ ಸೊರಗುವಂಥವು. ಸಂಜೆಯ ತಂಪಿನಲ್ಲಿ ಜೇನಾಗಿದ್ದ ದನಿ ಮಧ್ಯಾಹ್ನದ ತೆರೆದ ವೇದಿಕೆಯ ಮೇಲೆ ಕೀಚಲಾಗುವುದು. ಒಂದಕ್ಕೊಂದು ಹೋಲದ ಕಾರಣ ಹತ್ತಾರನ್ನು ನುಡಿಸಿ ನೋಡಿ ಒಂದನ್ನು ಆರಿಸುತ್ತಿದ್ದರು. ಮುಂದೆ ಬಂದ ಸಿಲಿಕಾನ್ ಸ್ಥಿರವಾದುದು, ಆದರೆ ದನಿ ತೀಕ್ಷ್ಣ. ಸವೆದ ಬ್ಯಾಟರಿಯಿಂದ ದನಿ ಮಾಗುವುದೆಂದು ಹಳಸಿದ ಬ್ಯಾಟರಿಗಳನ್ನು ಜತನ ಮಾಡಿ ಇಡುವವರೂ ಉಂಟು. ಅದರಲ್ಲಿ ಅರ್ಧ ವಿಜ್ಞಾನ, ಇನ್ನರ್ಧ ಮಡಿ.

ಈ ಪೆಟ್ಟಿಗೆಯ ಮುಖ್ಯ ಗುಟ್ಟು ಪೆಟ್ಟಿಗೆಯ ಮೇಲೆ ಇಲ್ಲವೇ ಇಲ್ಲ. ಗಿಟಾರಿಗೂ ಅದಕ್ಕೂ ನಡುವೆ ಬೇರೆ ಯಾವ ಪೆಡಲನ್ನೂ ಇಡದೆ ನೇರವಾಗಿ ಕೂಡಿಸಿದರೆ, ಗಿಟಾರಿನ ಮೈಮೇಲಿರುವ ದನಿಯ ತಿರುಪನ್ನು ತುಸು ಹಿಂದಕ್ಕೆ ತಿರುಗಿಸಿದ ಮಾತ್ರಕ್ಕೆ ಕಣಜಗಳೆಲ್ಲ ಹಾರಿಹೋಗಿ ಗಾಜಿನ ಗಂಟೆಯಂಥ ತಿಳಿನಾದ ಉಳಿಯುವುದು. ಜಿಮಿ ಹೆಂಡ್ರಿಕ್ಸನು ಹೀಗೆ ಕಿರುಬೆರಳಿನಿಂದಲೇ ಮೆಲುನುಡಿಯಿಂದ ಗುಡುಗಿಗೂ ಗುಡುಗಿನಿಂದ ಮೆಲುನುಡಿಗೂ ದಾಟುತ್ತಿದ್ದನು. ಅವನದೇ ಹೆಸರಿನ ಪೆಟ್ಟಿಗೆಯನ್ನು ಕೊಂಡು ಅದರ ಮೇಲೆ ಕಾಲಿಟ್ಟು, ಗಿಟಾರಿನ ತಿರುಪನ್ನು ಒಮ್ಮೆಯೂ ಮುಟ್ಟದೆ, ಹೆಂಡ್ರಿಕ್ಸನ ದನಿ ಬರಲಿಲ್ಲವೆಂದು ಕೊರಗುವವರು ಎಷ್ಟೋ ಜನ.

ಒಡಕು ಎಲ್ಲವನ್ನೂ ಮುಚ್ಚುವುದೆಂಬುದು ಹೊಸಬರ ಭ್ರಮೆ. ಅದು ಸಣ್ಣದನ್ನು ದೊಡ್ಡದು ಮಾಡುವುದು. ತಂತಿಯ ಮೇಲೆ ಬೆರಳು ಜಾರಿದ ಕಿರ್ರೆನ್ನುವ ಸದ್ದನ್ನೂ, ನುಡಿಸದೆ ಬಿಟ್ಟ ತಂತಿಯ ಅದುರನ್ನೂ, ಗೋಡೆಯ ದೀಪದ ಗುಂಯ್ಕಾರವನ್ನೂ ಎತ್ತಿ ಸಭೆಯ ಮುಂದಿಡುವುದು. ಆದಕಾರಣ ಬಲ್ಲವರು ನುಡಿಸುವ ಬೆರಳಿಗಿಂತ ನುಡಿಸದ ಬೆರಳುಗಳನ್ನು ಹೆಚ್ಚಾಗಿ ಪಳಗಿಸುವರು. ಮಿಕ್ಕ ತಂತಿಗಳನ್ನು ಅಂಗೈಯ ಅಂಚಿನಿಂದ ಒತ್ತಿ ಮೌನವಾಗಿಡುವುದೇ ಅರ್ಧ ವಿದ್ಯೆ. ಮತ್ತರ್ಧದಲ್ಲಿ ಒಂದು ಪಾಲು ಸ್ಪೀಕರಿಗೂ ಸಲ್ಲಬೇಕು: ಗಿಟಾರಿನ ಸ್ಪೀಕರು ಸೆಕೆಂಡಿಗೆ 5000 ಕಂಪನಗಳಾಚೆ ಬೇಗನೆ ಕುಗ್ಗುವುದರಿಂದ ಒಡಕಿನ ಮುಳ್ಳುಗಳನ್ನು ತಾನೇ ಸವರಿಹಾಕುವುದು. ಅದನ್ನು ಬಿಟ್ಟು ಫಜ್ ಪೆಡಲನ್ನು ನೇರವಾಗಿ ಹಾಡು ಕೇಳುವ ಸ್ಪೀಕರಿಗೆ ಸಿಕ್ಕಿಸಿ ನೋಡಿದವರು ಎರಡನೆಯ ಸಲ ಸಿಕ್ಕಿಸುವುದಿಲ್ಲ.

ಮೂರು ಪೆಡಲುಗಳ ಒಡೆಯನಾದ ಆ ತರುಣನು ಒಂದು ದಿನ ಬೇಸರದಿಂದಲೋ ಸೋಮಾರಿತನದಿಂದಲೋ ಮೊದಲನೆಯದೊಂದನ್ನೇ ಹೆಗಲಿಗೆ ಹಾಕಿಕೊಂಡು ಮೇಳಕ್ಕೆ ಹೋದನು. ಒಡಕಿನ ತಿರುಪನ್ನು ಮೂರರಲ್ಲೊಂದು ಪಾಲಿಗೆ ಇಳಿಸಿ, ನಡುದನಿಯನ್ನು ಕೋಣೆಯಲ್ಲಾದರೆ ಕಿವಿ ನೋಯುವಷ್ಟು ಏರಿಸಿ ನುಡಿಸಿದನು. ಹಾಡುವವಳು ಬಾಯಿ ತೆರೆದಾಗ ಪೆಡಲನ್ನು ಆರಿಸದೆ ಗಿಟಾರಿನ ತಿರುಪನ್ನು ಕಿರುಬೆರಳಿನಿಂದ ಹಿಂದಕ್ಕೆ ಸರಿಸಿದನು. ಅವಳು ನಿಲ್ಲಿಸಿದಾಗ ಮುಂದಕ್ಕೆ ತಂದನು. ಹಾಡು ಮುಗಿದ ಮೇಲೆ ಡ್ರಮ್ಮಿನ ಗೆಳೆಯನು ಕೋಲುಗಳನ್ನು ಕೆಳಗಿಟ್ಟು, “ಇದಾವ ಹೊಸ ಪೆಟ್ಟಿಗೆಯೋ? ಎಷ್ಟು ಕೊಟ್ಟೆ?” ಎಂದು ಕೇಳಿದನು.

“ಮೊದಲನೆಯದೇ ಕಣೋ,” ಎಂದನು ತರುಣನು. “ಉಳಿದೆರಡನ್ನು ಕೊಳ್ಳುವವರು ಯಾರಾದರೂ ಇದ್ದಾರೆಯೇ?”